ಬಾನುಲಿಯ ಒಡೆತನ ಯಾರದು?

ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪು ನೀಡಿದೆ. ಕೆರೆ, ಗೋಮಾಳಗಳಂತೆ ಆಕಾಶವೂ ಎಲ್ಲರದು ಎಂಬುದು ಅದರ ಸಾರ. ಆದರೆ ಎಲ್ಲರದಾಗಿದ್ದ ಗೋಮಾಳಗಳು ಬಲವುಳ್ಳವರ ಬೇಲಿಯೊಳಗೆ ಸೇರಿದ್ದನ್ನು ನಾವು ಬಲ್ಲೆವು. ಆದ್ದರಿಂದ ಚಾಮರಾಜನಗರ, ಗುಂಡ್ಲುಪೇಟೆಯಂಥ ಊರುಗಳಲ್ಲಿ ಸಮುದಾಯ ಬಾನುಲಿಯ ಮಾತು ಬಂದಾಗ, ಯಂತ್ರೋಪಕರಣಗಳ ಚರ್ಚೆಗಿಂತ ಮೊದಲು ಒಡೆತನದ ಪ್ರಶ್ನೆಯನ್ನು ಎತ್ತಬೇಕು.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಗರು 'ನಮ್ಮ ಧ್ವನಿ' ಕಟ್ಟಿದಾಗ ತರಂಗಗಳ ಮೂಲಕ ಪ್ರಸಾರ ಮಾಡಲು ಅವರಿಗೆ ಅನುಮತಿ ಇರಲಿಲ್ಲ. ಕೇಬಲ್ ತಂತಿಯಲ್ಲಿ ತಮ್ಮ ದನಿಯನ್ನು ಮನೆಮನೆಗೆ ಮುಟ್ಟಿಸಿದರು. 2006ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಶ್ವವಿದ್ಯಾಲಯಗಳಿಗೂ ಬಾಗಿಲು ತೆರೆಯಿತು. ನಮ್ಮ ನೆರೆಯ ವಯನಾಡಿನಲ್ಲಿ 2009ರಲ್ಲಿ ಆರಂಭವಾದ 'ರೇಡಿಯೊ ಮಾಟ್ಟೊಲಿ' ಆದಿವಾಸಿ ಭಾಷೆಗಳಲ್ಲಿಯೂ ಕಾರ್ಯಕ್ರಮ ನೀಡಿತು. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ 'ಜನಧ್ವನಿ'ಯನ್ನು ಸ್ಥಾಪಿಸಿತು.

ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಇಂಥ ಪರವಾನಗಿ ಸಿಗದು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ರೂಪುಗೊಳ್ಳಬೇಕು. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಸಲಹಾ ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಇದು ಸ್ವಾಗತಾರ್ಹ. ಆದರೆ ಅದೇ ಮಾರ್ಗಸೂಚಿ ಒಂದೇ ಸಂಸ್ಥೆಗೆ ಬೇರೆ ಬೇರೆ ಜಿಲ್ಲೆಗಳಲ್ಲಿ ಆರು ಕೇಂದ್ರಗಳವರೆಗೆ ನಡೆಸಲು ಅವಕಾಶ ನೀಡಿದೆ. ಜಾಹೀರಾತಿನ ಅವಧಿಯನ್ನು ಗಂಟೆಗೆ 12 ನಿಮಿಷಗಳಿಗೆ ಏರಿಸಿದೆ. ಪರವಾನಗಿ ದೂರದ ಸಂಸ್ಥೆಯದು, ಹಣ ಗೊಬ್ಬರ-ಕೀಟನಾಶಕದ ವ್ಯಾಪಾರಿಯದು ಎಂದಾದರೆ, ಬೇವಿನ ಕಷಾಯದ ಬಗ್ಗೆ ಮಾತನಾಡುವ ರೈತನಿಗೆ ಅಲ್ಲಿ ಎಷ್ಟು ಹೊತ್ತು ಸಿಕ್ಕೀತು?

ಕೃಷಿ ವಿಜ್ಞಾನದ ದೃಷ್ಟಿಯಿಂದಲೂ ಇದು ಗಂಭೀರ ವಿಷಯ. ಕಾಲುವೆ ನೀರಿನ ಭತ್ತದ ರೈತನಿಗೆ ಹೇಳುವ ಸಲಹೆ, ಮಳೆಯನ್ನೇ ನಂಬಿ ಬಿತ್ತುವ ಗುಂಡ್ಲುಪೇಟೆಯ ರೈತನಿಗೆ ಹೊಂದದು. ಅವನಿಗೆ ಅರಿಸಿನ, ಈರುಳ್ಳಿಯ ಇಂದಿನ ಧಾರಣೆ ಬೇಕು. ಬಂಡೀಪುರದ ಅಂಚಿನಲ್ಲಿ ಬೆಳೆ ಕಾಯುವವನಿಗೆ ಆನೆಯ ಸುಳಿವು ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡಿನ ಬೆಂಕಿ, ಲಂಟಾನದ ಹಬ್ಬುವಿಕೆಯ ಬಗ್ಗೆ ಇರುವ ಅರಿವು ನಮ್ಮಂಥ ವಿಜ್ಞಾನಿಗಳ ಕಿವಿಗೂ ಬೀಳಬೇಕು. ಸ್ವತಂತ್ರವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ನಿರ್ಬಂಧ ಇದೆಯಾದರೂ, ಹವಾಮಾನ, ವಿದ್ಯುತ್, ನೀರು, ಆರೋಗ್ಯ ಕುರಿತ ಪ್ರಕಟಣೆಗಳಿಗೆ ಅಡ್ಡಿಯಿಲ್ಲ.

ಬೆಟ್ಟಗಾಡಿನಲ್ಲಿ ಇನ್ನೊಂದು ತೊಡಕಿದೆ. ನೂರು ವಾಟ್ ಶಕ್ತಿಯ ಎಫ್.ಎಂ. ತರಂಗ ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುತ್ತದೆ. ಬೆಟ್ಟದ ಮರೆಯ ಪೋಡಿಗೆ ಅದು ತಲುಪದೆ ಹೋಗಬಹುದು. ಗೋಪುರ ಪಟ್ಟಣದ ಅನುಕೂಲಕ್ಕೆ ತಕ್ಕಂತೆ ಎದ್ದರೆ, ಹೆಚ್ಚು ಅಗತ್ಯವಿರುವವರೇ ಹೊರಗುಳಿಯುತ್ತಾರೆ. ಗೋಪುರದ ಜಾಗ ಆರಿಸುವುದೂ ಒಡೆತನದ ಪ್ರಶ್ನೆಯೇ.

ಆದಕಾರಣ ನಮ್ಮ ಆಗ್ರಹ ಸರಳ. ಕಾರ್ಯಕ್ರಮ ಸಮಿತಿಯಲ್ಲಿ ರೈತರು, ಸೋಲಿಗರು, ಜೇನುಕುರುಬರು ಇರಲಿ. ಅರ್ಧದಷ್ಟು ಮಹಿಳೆಯರು ಹೆಸರಿಗಷ್ಟೇ ಅಲ್ಲದೆ ನಿರ್ಣಯದಲ್ಲಿಯೂ ಇರಲಿ. ಜಾಹೀರಾತಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ವಿದ್ಯಾರ್ಥಿಗಳು ಧ್ವನಿಮುದ್ರಣ ಕಲಿತು, ತಮ್ಮೂರಿನ ಹಿರಿಯರ ಮಾತುಗಳನ್ನು ಇಂದಿನಿಂದಲೇ ಸಂಗ್ರಹಿಸಲಿ. ಪರವಾನಗಿಯ ಕಾಗದ ಯಾವ ಸಂಸ್ಥೆಯ ಹೆಸರಿನಲ್ಲಿದ್ದರೂ, ಮೈಕಿನ ಮುಂದೆ ಕೂರುವ ಹಕ್ಕು ಊರಿನದಾಗಿರಬೇಕು.