ಬಯಲುಸೀಮೆಯ ಉದ್ಯಾನಕ್ಕೆ ಬಯಲಿನ ಗಿಡಗಳೇ ಇರಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರ್ ಮುಂದೆ ಕೊಡಗಳ ಸಾಲು ಕಾಣುವುದು ಹೊಸತಲ್ಲ. ಅದೇ ಬೇಸಿಗೆಯಲ್ಲಿ, ಇಂಥದೇ ಊರಿನ ಉದ್ಯಾನವೊಂದರಲ್ಲಿ ಹುಲ್ಲುಹಾಸಿಗೆ ಧಾರಾಳವಾಗಿ ನೀರು ಬಿಡುವುದನ್ನೂ ಕಂಡಿದ್ದೇನೆ. ಆಕ್ಷೇಪಿಸುವ ಮೊದಲು ಒಪ್ಪಿಕೊಳ್ಳಬೇಕು: ಸೇವೆಯಲ್ಲಿದ್ದಾಗ ಇಂಥ ಹುಲ್ಲುಹಾಸುಗಳ ಅಂದಾಜುಪಟ್ಟಿಗೆ ನಾನೂ ಸಹಿ ಹಾಕಿದವನೇ.

ಲೆಕ್ಕ ಸರಳ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬಿರುಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ದಿನಕ್ಕೆ ನಾಲ್ಕೈದು ಮಿಲಿಮೀಟರ್ ಬೇಕೆಂದುಕೊಂಡರೆ, ಹತ್ತು ಗುಂಟೆಗೆ ನಾಲ್ಕೈದು ಸಾವಿರ ಲೀಟರ್. ಅಂದರೆ ದಿನಕ್ಕೊಂದು ಟ್ಯಾಂಕರ್. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿರುವ ಜಿಲ್ಲೆಗೆ ಇದು ದುಬಾರಿ ಅಲಂಕಾರ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಪುನಃ ತುಂಬಿತೆಂಬ ಸಂಭ್ರಮದಲ್ಲಿ ನಡುವಿನ 89 ವರ್ಷಗಳನ್ನು ಮರೆಯಲಾಗದು.

ಪರ್ಯಾಯಕ್ಕಾಗಿ ದೂರ ಹೋಗಬೇಕಾಗಿಲ್ಲ, ಜೋಗಿಮಟ್ಟಿಯ ಇಳಿಜಾರನ್ನು ನೋಡಿದರೆ ಸಾಕು. ಅಲ್ಲಿ ನೀರೆರೆಯುವವರಿಲ್ಲ. ಆದರೂ ತಂಗಡಿ ಹಳದಿ ಹೂ ಬಿಡುತ್ತದೆ, ಬಂದರಿಕೆ ಬೇಸಿಗೆಯಲ್ಲೂ ಎಲೆ ಉಳಿಸಿಕೊಳ್ಳುತ್ತದೆ, ಬಂಡೆಗಳ ಸಂದಿಯಲ್ಲಿ ಕರಡ ಬೆಳೆದು ಗಾಳಿಗೆ ಓಲಾಡುತ್ತದೆ. ಇದೇ ಬಯಲುಸೀಮೆಯ ಬೇಲಿಗಳಲ್ಲಿ ಗೌರಿಹೂವಿನ ಬಳ್ಳಿ ಬೇಸಿಗೆಯಲ್ಲಿ ಪೂರ್ತಿ ಮರೆಯಾಗಿ, ಮಳೆ ಬಿದ್ದೊಡನೆ ಗೆಡ್ಡೆಯಿಂದ ಚಿಗುರುತ್ತದೆ. (ಅದರ ಗೆಡ್ಡೆ ವಿಷ, ಮಕ್ಕಳು ಆಡುವ ಕಡೆ ಬೇಡ.) ಇವು ವರ್ಷವರ್ಷವೂ ಕಿತ್ತು ನೆಡಬೇಕಾದ ಗಿಡಗಳಲ್ಲ. ಬೇರೂರುವ ಮೊದಲ ವರ್ಷ ನೀರು ಕೊಟ್ಟರೆ ಮುಂದೆ ಬಹುಮಟ್ಟಿಗೆ ಮಳೆಯನ್ನೇ ನಂಬಿ ಬದುಕಬಲ್ಲವು.

ನ್ಯೂಯಾರ್ಕಿನಲ್ಲಿ ಬಳಕೆ ನಿಂತ ಎತ್ತರದ ರೈಲುಹಾದಿಯೊಂದರ ಮೇಲೆ ಹುಲ್ಲು, ಕಾಡುಗಿಡಗಳು ತಾವಾಗಿಯೇ ಬೆಳೆದಿದ್ದವು. ಅದನ್ನೇ ಮಾದರಿಯಾಗಿಟ್ಟುಕೊಂಡು ಡಚ್ ವಿನ್ಯಾಸಕಾರ ಪೀಟ್ ಔಡೊಲ್ಫ್ ಬಹುವಾರ್ಷಿಕ ಸಸ್ಯಗಳನ್ನು ಆಯ್ದರು. 2009ರಲ್ಲಿ 'ಹೈಲೈನ್' ಉದ್ಯಾನದ ಮೊದಲ ಭಾಗ ತೆರೆಯಿತು. ಒಣಗಿದ ಕಾಂಡಗಳನ್ನೂ ಬೀಜದ ತೆನೆಗಳನ್ನೂ ಅಲ್ಲಿ ಚಳಿಗಾಲವಿಡೀ ಹಾಗೆಯೇ ಬಿಡುತ್ತಾರೆ. ಅದೂ ಒಂದು ನೋಟವೆಂದು ಜನ ನಿಂತು ನೋಡುತ್ತಾರೆ. ನಮ್ಮಲ್ಲಿ ಒಣಗುವ ಕಾಲ ಬೇಸಿಗೆ. ಮಾರ್ಚಿನಲ್ಲಿ ಕರಡ ಕಂದುಬಣ್ಣಕ್ಕೆ ತಿರುಗಿದರೆ ಅದನ್ನು ನಿರ್ವಹಣೆಯ ಲೋಪವೆಂದು ಬರೆಯುವ ತಪಾಸಣಾ ವರದಿಯೇ ಮೊದಲು ಬದಲಾಗಬೇಕು.

ಹುಲ್ಲು ಬೆಳೆದರೆ ಹಾವು ಬರುತ್ತದೆಂಬ ಮಾತು ಖಂಡಿತ ಕೇಳಿಬರುತ್ತದೆ. ಅಂಜಿಕೆ ಅಕಾರಣವಲ್ಲ. ನಡೆಯುವ ದಾರಿಯ ಇಕ್ಕೆಲದಲ್ಲಿ ಗಿಡ್ಡ ಗಿಡಗಳಿರಲಿ, ಎತ್ತರದ ಹುಲ್ಲು ಹಿಂದಕ್ಕಿರಲಿ. ಬೀಜ ಉದುರಿದ ಬಳಿಕ ಕೊಯ್ದರೆ ಬೆಂಕಿಯ ಭಯವೂ ತಗ್ಗುತ್ತದೆ. ಕೊಯ್ದದ್ದನ್ನು ದನ ಸಾಕುವವರು ಒಯ್ಯಬಹುದು. ಅಮೃತಮಹಲ್ ಕಾವಲುಗಳ ಜಿಲ್ಲೆಯವರಿಗೆ ಹುಲ್ಲಿನ ಬೆಲೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ನಿಜವಾದ ತೊಡಕು ಬೇರೆಡೆಯಿದೆ. ಸಸಿ ಪೂರೈಕೆಯ ಟೆಂಡರಿನಲ್ಲಿ ತಂಗಡಿಯ ಹೆಸರನ್ನು ನಾನಂತೂ ಕಂಡಿಲ್ಲ. ಕೇಳುವವರಿಲ್ಲದ ಗಿಡವನ್ನು ಸಸ್ಯಕ್ಷೇತ್ರ ಬೆಳೆಸದು. ಬೆಳೆಸದ ಗಿಡವನ್ನು ಎಂಜಿನಿಯರು ಅಂದಾಜಿನಲ್ಲಿ ಸೇರಿಸಲಾರರು. ನಾಲ್ಕೂ ಪಟ್ಟಣಗಳ ಪೌರಾಡಳಿತಗಳು ಒಂದೊಂದು ಉದ್ಯಾನದಲ್ಲಿ ಎರಡು ಗುಂಟೆ ಹುಲ್ಲುಹಾಸನ್ನು ತೆಗೆದು, ಬರುವ ಮುಂಗಾರಿಗೆ ಈ ಗಿಡಗಳನ್ನು ನೆಟ್ಟು, ಮೂರು ಬೇಸಿಗೆಗಳ ನೀರಿನ ಲೆಕ್ಕವನ್ನು ಉದ್ಯಾನದ ಬಾಗಿಲಲ್ಲೇ ಬರೆದು ಹಾಕಲಿ.