ಅರವತ್ತು ಕೆಜಿಯ ಟೋನ್

ಬೇಸ್ ಗಿಟಾರ್ ನುಡಿಸೋರ ನಡುವೆ ಒಂದು ಮಡಿ ಇದೆ. ಆಂಪ್ಲಿಫೈಯರ್ ಭಾರ ಇದ್ದಷ್ಟೂ ಶಬ್ದ ಶುದ್ಧ. ಒಂದೇ ಕೈಯಲ್ಲಿ ಎತ್ತಬಹುದಾದ ಆಂಪ್ ಹಿಡ್ಕೊಂಡು ಪ್ರಾಕ್ಟೀಸಿಗೆ ಹೋಗಿ ನೋಡಿ, ಧಾರೆ ಮುಹೂರ್ತಕ್ಕೆ ಬರ್ಮುಡಾ ಹಾಕ್ಕೊಂಡು ಬಂದವನನ್ನ ನೋಡೋ ಹಾಗೆ ನೋಡ್ತಾರೆ. 'ಸೌಂಡಲ್ಲಿ ತೂಕ ಇಲ್ಲ ಮಗಾ' ಅನ್ನೋದು ತೀರ್ಪು. ತಪ್ಪು ಸ್ವಲ್ಪ ನಮ್ಮ ಭಾಷೇದೂ ಇದೆ. ಮರ್ಯಾದಸ್ಥನಿಗೆ ತೂಕದ ಆಸಾಮಿ ಅಂತೀವಿ, ಅಸಡ್ಡೆ ಮಾಡಿದರೆ ಹಗುರವಾಗಿ ಕಂಡ ಅಂತೀವಿ. ಆದರೆ ನನ್ನ ಸಿಟ್ಟು ಭಾಷೆಯ ಮೇಲಲ್ಲ. ಈ ತೂಕದ ಬಗ್ಗೆ ಗಂಟೆಗಟ್ಟಲೆ ಮಾತಾಡೋರು ಒಬ್ಬರು, ಅದನ್ನ ಹೊರೋರು ಇನ್ನೊಬ್ಬರು. ಅದು ನನ್ನ ತಕರಾರು.

ಶನಿವಾರ ಸಂಜೆಯ ಬ್ಯಾಂಡುಗಳು ಹೇಗಿರುತ್ತವೆ ನಿಮಗೆ ಗೊತ್ತು. ನಾಲ್ಕು ಜನರಲ್ಲಿ ಮೂವರು ಐಟಿ. ಟೋನ್ ಬಗ್ಗೆ ವಾದ ನಡೆಯೋದು ವಾಟ್ಸಾಪಲ್ಲಿ. ಪೆಟ್ಟಿಗೆ ಬರೋದು ಟಾಟಾ ಏಸಲ್ಲಿ, ಅದರ ಜೊತೆ ಸೌಂಡಿನವರ ಇಬ್ಬರು ಹುಡುಗರು. ಒಂದು ಪಬ್ಬಿಗೆ ಹೋದಾಗ (ಹೆಸರು ಬೇಡ) ಸಾಮಾನಿಗೆ ಲಿಫ್ಟ್ ಕೊಡಲ್ಲ, ಅದು ಗ್ರಾಹಕರಿಗೆ ಮಾತ್ರ ಅಂದುಬಿಟ್ಟರು. ಮೂರು ಮಹಡಿ. ಹುಡುಗರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ಪೆಟ್ಟಿಗೆ ಹತ್ತಿಸಿದರು. ಮೇಲೆ ನಮ್ಮವರು ಬಿಯರ್ ಹಿಡ್ಕೊಂಡು 'ನೋಡು ಗುರು, ಇದಪ್ಪಾ ರಿಗ್ ಅಂದ್ರೆ' ಅಂತ ಫೋಟೋ ತೆಗೀತಿದ್ದರು.

ಐಎಲ್‌ಒ ಅಂದ್ರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಂದು ಶಿಫಾರಸು ಮಾಡಿತ್ತು: ವಯಸ್ಕ ಗಂಡಸೊಬ್ಬ ಹೊರೋ ಭಾರದ ಮಿತಿ 55 ಕೆಜಿಗಿಂತ ಜಾಸ್ತಿ ಇದ್ದ ಕಡೆ ಅದನ್ನ ಅಷ್ಟಕ್ಕೆ ಇಳಿಸಬೇಕು ಅಂತ. ಎರಡು ವರ್ಷ ಆದ ಮೇಲೆ, 1969ರಲ್ಲಿ, ಅಮೆರಿಕದ ಆಂಪೆಗ್ ಕಂಪನಿ ಎಸ್‌ವಿಟಿ ಅನ್ನೋ ಆಂಪ್ಲಿಫೈಯರ್ ತಂತು. 300 ವಾಟ್, ಪೂರ್ತಿ ವಾಲ್ವ್. ಇವತ್ತಿಗೂ ಬೇಸ್ ಜಗತ್ತಿನ ಮೂಲವಿಗ್ರಹ ಅದೇ. ಅದರ ವಾಲ್ವ್ ಹೆಡ್ ಒಂದೇ 35 ಕೆಜಿ ದಾಟುತ್ತೆ, ಅದರ ಜೋಡಿಯಾದ ಹತ್ತಿಂಚಿನ ಎಂಟು ಸ್ಪೀಕರ್‌ಗಳ ಪೆಟ್ಟಿಗೆ ಈಗ ಮಾರೋ ಮಾದರಿಯಲ್ಲಿ 60 ಕೆಜಿ ದಾಟುತ್ತೆ. ನಾನು ಬೆಳೆದಿದ್ದು ಸಕಲೇಶಪುರದ ಕಡೆ. 50 ಕೆಜಿಯ ಕಾಫಿ ಮೂಟೆ ಹೊತ್ತು ಹೊತ್ತು ಬಾಗಿದ ಬೆನ್ನುಗಳನ್ನ ಮನೆ ಅಂಗಳದಲ್ಲೇ ನೋಡಿದ್ದೀನಿ. ಅವರಲ್ಲಿ ಒಬ್ಬರಾದರೂ ತೂಕವನ್ನ ಹೊಗಳಿದ್ದು ನಾನು ಕೇಳಿಲ್ಲ.

ಎಸ್‌ವಿಟಿ ಅಷ್ಟು ದೊಡ್ಡದಾಗಿದ್ದಕ್ಕೆ ಆಗ ಕಾರಣ ಇತ್ತು, ಒಪ್ತೀನಿ. ಅದರ ಮೊದಮೊದಲ ಯಂತ್ರಗಳನ್ನ 1969ರ ಅಮೆರಿಕ ಪ್ರವಾಸಕ್ಕೆ ಒಯ್ದವರು ರೋಲಿಂಗ್ ಸ್ಟೋನ್ಸ್. ಸಾವಿರಾರು ಜನರ ಎದುರು ಬೇಸ್ ಕೇಳಿಸಬೇಕು ಅಂದ್ರೆ ಅದು ಸ್ಟೇಜ್ ಮೇಲಿನ ಪೆಟ್ಟಿಗೆಯಿಂದಲೇ ಬರಬೇಕಿತ್ತು. ಬೇಸನ್ನ ಹೊರಗೆ ತಳ್ಳೋ ತಾಕತ್ತು ಆಗಿನ ಪಿಎಗಳಿಗೆ ಇರಲಿಲ್ಲ. ಈಗ? ಒಂದು ಡಿಐ ಬಾಕ್ಸಿನಿಂದ ಬೇಸ್ ನೇರ ಮಿಕ್ಸರಿಗೆ ಹೋಗುತ್ತೆ, ಹದಿನೆಂಟಿಂಚಿನ ಸಬ್‌ಗಳು ಮಿಕ್ಕಿದ್ದನ್ನ ನೋಡ್ಕೋತವೆ. ನಿಮ್ಮ ಹಿಂದಿರೋ ಆಂಪ್ ಕೇಳಿಸಬೇಕಾಗಿರೋದು ನಿಮಗೆ, ಮತ್ತೆ ಡ್ರಮ್ಮರ್‌ಗೆ. ಅಷ್ಟಕ್ಕೆ ಎರಡು ಲಕ್ಷದ ಗೋಡೆ ಯಾಕೆ ಸ್ವಾಮಿ?

ವಾಟ್ ಮೋಹ ಇನ್ನೊಂದು ಕಾಯಿಲೆ. ನಮ್ಮ ಪೀಳಿಗೆಗೆ ಇದು ಅಂಟಿದ್ದು ಪಿಎಂಪಿಒ ಕಾಲದಲ್ಲಿ. ಅಂಗೈಯಗಲದ ಸ್ಪೀಕರಿನ ಟೇಪ್ ರೆಕಾರ್ಡರ್ ಮೇಲೆ ಸಾವಿರಗಟ್ಟಲೆ ವಾಟ್ ಬರೆದ ಸ್ಟಿಕ್ಕರ್ ಇರ್ತಿತ್ತಲ್ಲ, ಅದು. ವಾಟ್ ದುಪ್ಪಟ್ಟು ಮಾಡಿದರೆ ಸಿಗೋದು 3 ಡೆಸಿಬಲ್. ಕಿವಿಗೆ 'ಸ್ವಲ್ಪ ಜಾಸ್ತಿಯಾಯ್ತು' ಅನ್ನಿಸುತ್ತೆ, ಅಷ್ಟೇ. ಶಬ್ದ ಎರಡರಷ್ಟಾಯ್ತು ಅನ್ನಿಸೋಕೆ ಹೆಚ್ಚುಕಡಿಮೆ ಹತ್ತು ಪಟ್ಟು ವಾಟ್ ಬೇಕು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಸ್ಪೀಕರಿಂದು: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೊಡುತ್ತೆ? 94 ಕೊಡೋ ಸ್ಪೀಕರಿಗೆ 600 ವಾಟ್ ತುಂಬೋದೂ ಒಂದೇ, 97 ಕೊಡೋದಕ್ಕೆ 300 ತುಂಬೋದೂ ಒಂದೇ.

ಈ ಗುಟ್ಟು ನಮ್ಮೂರ ಮೈಕ್‌ಸೆಟ್ ಅಣ್ಣನಿಗೆ ಗೊತ್ತಿತ್ತು. ಗಣಪತಿ ಕೂರಿಸೋ ದಿನ ಟಿವಿಎಸ್ ಮೊಪೆಡ್ ಮುಂದೆ ಅಹುಜಾ ಆಂಪ್ಲಿಫೈಯರ್, ಹಿಂದೆ ಎರಡು ಹಾರ್ನು, ಒಂದು ಕಾರ್ ಬ್ಯಾಟರಿ ಕಟ್ಕೊಂಡು ಒಬ್ಬನೇ ಬರ್ತಿದ್ದ. ಹಾರ್ನ್ ಎರಡನ್ನೂ ಮರಕ್ಕೆ ಕಟ್ಟಿದರೆ ಪಕ್ಕದೂರಿಗೂ ನಮ್ಮ ಪೂಜೆ ಕೇಳಿಸ್ತಿತ್ತು. ಆಂಪ್ ಇದ್ದದ್ದು ನಲವತ್ತೋ ಐವತ್ತೋ ವಾಟ್. ಹಾರ್ನಿನ ದಕ್ಷತೆ ಅಂಥದ್ದು. ಒಂದೇ ಕೊರತೆ, ಅದರಲ್ಲಿ ಬೇಸ್ ಅನ್ನೋದು ಇರೋದೇ ಇಲ್ಲ.

ಯಾಕಿಲ್ಲ ಅನ್ನೋದಕ್ಕೆ ಹಾಫ್‌ಮನ್ ನಿಯಮ ಇದೆ. ಕೆಎಲ್‌ಎಚ್ ಅನ್ನೋ ಹಳೇ ಸ್ಪೀಕರ್ ಕಂಪನಿಯ ಹೆಸರಲ್ಲಿರೋ ಎಚ್ ಇದೇ ಹಾಫ್‌ಮನ್. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕೆ ಇಳೀಬೇಕು, ಕಡಿಮೆ ವಾಟಲ್ಲಿ ಜೋರಾಗಿ ಕೇಳಬೇಕು: ಮೂರರಲ್ಲಿ ಎರಡು ಮಾತ್ರ ಸಿಗುತ್ತೆ. ಡೇಟಾಬೇಸ್ ಕೆಲಸ ಮಾಡೋರಿಗೆ ಸಿಎಪಿ ಥಿಯರಂ ನೆನಪಾಗಬಹುದು, ಅದೇ ಜಾತಿದು. ಹಳಬರು ಪೆಟ್ಟಿಗೆಯ ಸೈಜನ್ನ ಬಲಿ ಕೊಟ್ಟರು, ಯಾಕಂದ್ರೆ ಆಗ ವಾಟ್ ದುಬಾರಿ. ಈಗ ವಾಟ್ ಅಗ್ಗ. ಹಾಗಾಗಿ ದಕ್ಷತೆಯನ್ನ ಸ್ವಲ್ಪ ಬಿಟ್ಟುಕೊಟ್ಟು ಪೆಟ್ಟಿಗೆಯನ್ನ ಚಿಕ್ಕದು ಮಾಡಬಹುದು. ಇಷ್ಟೇ ಬದಲಾಗಿರೋದು, ಆದರೆ ಇದೇ ಎಲ್ಲವನ್ನೂ ಬದಲಾಯಿಸುತ್ತೆ.

ವಾಟ್ ಅಗ್ಗವಾಗಿದ್ದು ಕ್ಲಾಸ್ ಡಿ ಇಂದ. ಹಳೇ ಫ್ಯಾನಿನ ರೆಗ್ಯುಲೇಟರ್ ನೆನಪಿದೆಯಾ, ಗೋಡೆ ಮೇಲೆ ದಪ್ಪ ಡಬ್ಬಿ, ಮುಟ್ಟಿದರೆ ಬಿಸಿ? ಬೇಡದ ಕರೆಂಟನ್ನ ಶಾಖ ಮಾಡಿ ಕಳೀತಿತ್ತು. ಹಳೇ ಆಂಪ್ಲಿಫೈಯರ್‌ಗಳೂ ಹೆಚ್ಚುಕಡಿಮೆ ಹಾಗೆ. ಕ್ಲಾಸ್ ಡಿ ಟ್ರಾನ್ಸಿಸ್ಟರ್‌ಗಳನ್ನ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ಆನ್, ಪೂರ್ತಿ ಆಫ್ ಮಾಡುತ್ತೆ. ನಡುವೆ ನಿಲ್ಲಲ್ಲ, ಅದಕ್ಕೇ ಬಿಸಿಯಾಗೋದು ಕಡಿಮೆ. ಭಾರದ ಅಲ್ಯೂಮಿನಿಯಂ ಹೀಟ್‌ಸಿಂಕ್ ಹೋಯ್ತು. ಎಸ್‌ಎಂಪಿಎಸ್ ಬಂದು ಕಬ್ಬಿಣದ ಟ್ರಾನ್ಸ್‌ಫಾರ್ಮರೂ ಹೋಯ್ತು. ಸ್ಪೀಕರಿನಲ್ಲಿ ಫೆರೈಟ್ ಬದಲು ನಿಯೋಡೈಮಿಯಂ ಮ್ಯಾಗ್ನೆಟ್ ಬಂದು ಇನ್ನೆರಡು ಕೆಜಿ ಹೋಯ್ತು. ಹಗುರ ಅನ್ನೋದು ಇಲ್ಲಿ ಕಳಪೆಯ ಗುರುತಲ್ಲ, ಬೇಡದ ಕಬ್ಬಿಣ ಇಳಿಸಿದ್ದರ ಫಲ.

ಕುಮಾರ ಪಾರ್ಕ್ ವೆಸ್ಟಲ್ಲಿ ನಾನಿರೋದು ಹಳೇ ಕಟ್ಟಡದ ಎರಡನೇ ಮಹಡಿ. ಲಿಫ್ಟ್ ಇಲ್ಲ, ಕಾರಿಲ್ಲ, ಇದ್ದರೂ ನಿಲ್ಲಿಸೋಕೆ ಜಾಗ ಇಲ್ಲ. ನಮ್ಮ ಪ್ರಾಕ್ಟೀಸ್ ಜಯನಗರದಲ್ಲಿ. ಮಂತ್ರಿ ಸ್ಕ್ವೇರ್ ಸಂಪಿಗೆ ರೋಡ್ ಸ್ಟೇಷನ್ನಿಂದ ಹಸಿರು ಲೈನಲ್ಲಿ ಕೂತರೆ ನೇರ ಹೋಗುತ್ತೆ. ಹೀಗಾಗಿ ನನ್ನ ರಿಗ್ಗಿನ ಡಿಸೈನ್ ಯಾವ ಕಂಪನಿ ಬ್ರೋಷರಿಂದಲೂ ಬಂದದ್ದಲ್ಲ, ನಮ್ಮ ಮೆಟ್ರೋ ಲಗೇಜ್ ನಿಯಮದಿಂದ ಬಂದದ್ದು: 60 ಸೆಂ.ಮೀ. ಉದ್ದ, 45 ಅಗಲ, 25 ಎತ್ತರ, 15 ಕೆಜಿ. (ಅಕ್ಷರಶಃ ಹಿಡಿದರೆ ಬೇಸ್ ಗಿಟಾರೇ ನಿಯಮಬಾಹಿರ, ಅದರ ಉದ್ದ 60 ದಾಟುತ್ತೆ. ಸೆಕ್ಯೂರಿಟಿಯವರು ದೊಡ್ಡ ಮನಸ್ಸು ಮಾಡ್ತಾರೆ.)

ಲೆಕ್ಕ ಹಾಕಿ ನೋಡಿ, ಈ ಅಳತೆ ಬೇಸಿಗಂತಲೇ ಮಾಡಿದ ಹಾಗಿದೆ. ಹೊರಗಿನ ಅಳತೆ ಅಷ್ಟಿದ್ದು 12 ಎಂಎಂ ಪ್ಲೈವುಡ್ ಹಾಕಿದರೆ ಒಳಗೆ ಸುಮಾರು 55 ಲೀಟರ್ ಗಾಳಿ. ಹನ್ನೆರಡಿಂಚಿನ ಒಂದು ಸ್ಪೀಕರಿಗೆ, ಪೋರ್ಟ್ ಟ್ಯೂನ್ ಮಾಡ್ಕೊಂಡರೆ, ಅದು ಒಳ್ಳೇ ಜಾಗ. ಸಾಮಾನ್ಯ ಕಾರ್ಪೆಂಟರ್ 18 ಎಂಎಂ ಹಾಕಿ ಅಂತಾರೆ, ಗಟ್ಟಿ ಬರುತ್ತೆ ಸಾರ್ ಅಂತ. ಬೇಡ. 18 ಎಂಎಂನಲ್ಲಿ ಬರೀ ಪೆಟ್ಟಿಗೆಯೇ ಹನ್ನೊಂದೂವರೆ ಕೆಜಿ, ಎಂಡಿಎಫ್ ಆದರೆ ಹದಿನಾಲ್ಕು. 12 ಎಂಎಂ ಆದರೆ ಎಂಟರ ಒಳಗೆ. ಗಟ್ಟಿತನ ಬೇಕಿದ್ದರೆ ಒಳಗೆ ಅಡ್ಡಪಟ್ಟಿ ಹೊಡೆಸಿ. ಅರ್ಧ ಕೆಜಿಯ ಅಡ್ಡಪಟ್ಟಿ ಮಾಡೋ ಕೆಲಸವನ್ನ ನಾಲ್ಕು ಕೆಜಿಯ ದಪ್ಪ ಹಲಗೆ ಮಾಡಲ್ಲ. ಸಿಲ್ವರ್ ಓಕ್ ಪ್ಲೈ ಸಿಕ್ಕರೆ ಬಿಡಬೇಡಿ. ನಮ್ಮ ಕಡೆ ಕಾಫಿ ತೋಟದ ನೆರಳಿಗೆ ಬೆಳೆಸಿ ಪ್ಲೈವುಡ್ ಫ್ಯಾಕ್ಟರಿಗೆ ಕಡಿದು ಕೊಡೋ ಮರವೇ ಅದು.

ಆಂಪ್ಲಿಫೈಯರ್ ಎಸ್.ಪಿ. ರೋಡಿಂದು. ಚಿಕ್ಕಪೇಟೆ ಸ್ಟೇಷನ್ನಲ್ಲಿ ಇಳಿದರೆ ನಡೆಯೋ ದೂರ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿನ ಟಿಪಿಎ3255 ಚಿಪ್ ಇರೋ ಬೋರ್ಡ್, 48 ವೋಲ್ಟಿನ ಎಸ್‌ಎಂಪಿಎಸ್. ಡೇಟಾಶೀಟಿನ ಮೊದಲ ಪುಟದಲ್ಲಿ 600 ವಾಟ್ ಅಂತ ಇದೆ, ಅಂಗಡಿಯವರೂ ಅದನ್ನೇ ಹೇಳ್ತಾರೆ. ಅದು 2 ಓಮ್ ಲೋಡಿಗೆ, 10% ಡಿಸ್ಟಾರ್ಷನ್ನಲ್ಲಿ. 4 ಓಮ್ ಸ್ಪೀಕರಿಗೆ ಸ್ವಚ್ಛವಾಗಿ 250ರ ಆಸುಪಾಸು ಬರುತ್ತೆ ಅಂತ ಇಟ್ಕೊಳ್ಳಿ. ಸಾಕು. ನಾನು ಕೊಟ್ಟಿದ್ದು: ಬೋರ್ಡ್ 3,000, ಎಸ್‌ಎಂಪಿಎಸ್ 3,000, ಡಬ್ಬಿ-ಜ್ಯಾಕ್-ಫ್ಯಾನ್ 1,500, ಪ್ಲೈ ಮತ್ತು ಕೂಲಿ 4,500, ಡಿಐ ಇರೋ ಪ್ರೀಆಂಪ್ ಪೆಡಲ್ 5,000. ಇಲ್ಲೇ ತಯಾರಾದ ಫೆರೈಟ್ ಸ್ಪೀಕರ್ ಇನ್ನೊಂದು 5,000. ಒಟ್ಟು 22,000. ಪೆಟ್ಟಿಗೆ 13 ಕೆಜಿ ಚಿಲ್ಲರೆ, ಆಂಪ್ 2 ಕೆಜಿ ಬ್ಯಾಗಲ್ಲಿ. ನಿಯೋಡೈಮಿಯಂ ಹಾಕಿದರೆ ಪೆಟ್ಟಿಗೆ ಹನ್ನೊಂದೂವರೆಗೆ ಇಳಿಯುತ್ತೆ, ಆದರೆ ಹತ್ತಿರ ಹತ್ತಿರ 9,000 ಜಾಸ್ತಿ. ಎಲೆಕ್ಟ್ರಿಕ್ ಸ್ಕೂಟರ್ ಮೋಟಾರಿಗೂ ಅದೇ ಮ್ಯಾಗ್ನೆಟ್ ಬೇಕು, ಪೈಪೋಟಿ ಅವರ ಜೊತೆ. ನನ್ನ ಸೊಂಟಕ್ಕೆ ಎರಡು ಕೆಜಿಗೆ ಒಂಬತ್ತು ಸಾವಿರದ ಬೆಲೆ ಇಲ್ಲ. ನಿಮ್ಮದಕ್ಕೆ ಇದ್ದರೆ ಹಾಕಿಸ್ಕೊಳ್ಳಿ.

ಮಡಿಯವರ ಒಂದು ಆಕ್ಷೇಪಣೆ ಮಾತ್ರ ಪೂರ್ತಿ ಸುಳ್ಳಲ್ಲ. ಕೆಲವು ಹಗುರ ಆಂಪ್‌ಗಳಲ್ಲಿ ಜೋರಾಗಿ ಹೊಡೆದ ತಂತಿಯ ಮೊದಲ ಏಟಿಗೇ ಪವರ್ ಸಪ್ಲೈ ಕುಸಿಯುತ್ತೆ, ಶಬ್ದ ತೆಳುವಾಗುತ್ತೆ. ಅದಕ್ಕೇ ಸಪ್ಲೈಯಲ್ಲಿ ಜಿಪುಣತನ ಮಾಡಬೇಡಿ, 10 ಆಂಪಿಯರಿಂದೇ ತಗೊಳ್ಳಿ. ವಾಲ್ವ್ ಜೋರಾದಾಗ ಮೆತ್ತಗೆ ಅದುಮೋ ಗುಣವೂ ನಿಜ. ಪೆಡಲಿನಲ್ಲಿ ಅದಕ್ಕೆ ಹತ್ತಿರ ಹೋಗಬಹುದು, ತಲುಪೋಕಾಗಲ್ಲ. ಇನ್ನೊಂದನ್ನ ಅವರು ಹೇಳಲ್ಲ, ನಾನೇ ಹೇಳ್ತೀನಿ: ಬ್ರ್ಯಾಂಡೆಡ್ ಹಗುರ ಹೆಡ್ ಕೆಟ್ಟರೆ ರಿಪೇರಿ ಕಷ್ಟ. ಇಡೀ ಬೋರ್ಡ್ ಬದಲಾಯಿಸಿ ಅಂತಾರೆ, ಆ ಬೋರ್ಡ್ ಹೊರದೇಶದಿಂದ ಬರಬೇಕು. ನನ್ನದು ಕೆಟ್ಟರೆ ಮೂರು ಸಾವಿರ, ಒಂದು ಮಧ್ಯಾಹ್ನ.

ಆದರೆ 'ಚಿಕ್ಕ ಪೆಟ್ಟಿಗೆ ಆಳದ ಸ್ವರ ತಡ್ಕೊಳಲ್ಲ' ಅನ್ನೋದು ಅರೆಬೆಂದ ಮಾತು. ಬೇಸಿನ ಇ ತಂತಿಯ ಮೂಲಸ್ವರ 41 ಹರ್ಟ್ಸ್. ದೊಡ್ಡ ಆಂಪಿನಲ್ಲೂ ನಾವು ಹೆಚ್ಚಾಗಿ ಕೇಳೋದು ಅದರ ದುಪ್ಪಟ್ಟಾದ 82ನ್ನ ಮತ್ತೆ ಅದರ ಮೇಲಿನದನ್ನ. ಮೂಲವನ್ನ ಮೆದುಳು ತಾನೇ ತುಂಬಿಕೊಳ್ಳುತ್ತೆ. ಸ್ಪೀಕರ್ ಒದ್ದಾಡಿ ಹರಿದುಹೋಗೋದು 35ಕ್ಕಿಂತ ಕೆಳಗಿನ ಕಸಕ್ಕೆ, ಬೆರಳು ತಂತಿಗೆ ತಾಗಿದಾಗ ಬರೋ ಧಡ್ ಧಡ್‌ಗೆ. ಮುಂದೆ ಒಂದು ಹೈಪಾಸ್ ಫಿಲ್ಟರ್ ಹಾಕಿ ಅದನ್ನ ತಡೆದರೆ ಅದೇ ಸ್ಪೀಕರ್ ಇನ್ನೂ ಜೋರಾಗಿ ನುಡಿಯುತ್ತೆ. ಭಾಗಗಳ ಬೆಲೆ ಕೆಲವೇ ನೂರು ರೂಪಾಯಿ. ಹತ್ತು ಸ್ಪೀಕರಿನ ಬಗ್ಗೆ ಮಾತಾಡೋರು ಇದರ ಬಗ್ಗೆ ಬಾಯೇ ಬಿಡಲ್ಲ.

ಇದೆಲ್ಲ ಬರೀ ಹವ್ಯಾಸದವರ ಜಗಳ ಅಂದ್ಕೋಬೇಡಿ. ಗಣೇಶ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರಿನವರು ಎಷ್ಟು ಸಲ ಇರ್ತಾರೆ ಗಮನಿಸಿ. ಕೀಬೋರ್ಡಿನವರ ಎಡಗೈ ಆ ಕೆಲಸ ಮುಗಿಸಿಬಿಡುತ್ತೆ. ಆಯೋಜಕರ ಲೆಕ್ಕ ಸರಳ: ಒಬ್ಬ ಹೆಚ್ಚುವರಿ ಮನುಷ್ಯ, ಅವನ ಪೆಟ್ಟಿಗೆಗೆ ಹೆಚ್ಚುವರಿ ಗಾಡಿ. ಗಿಟಾರಿನವನು ಬೈಕಲ್ಲಿ ಬರ್ತಾನೆ, ಕೀಬೋರ್ಡಿನವನು ಆಟೋದಲ್ಲಿ ಬರ್ತಾನೆ, ಬೇಸಿನವನಿಗೆ ಟೆಂಪೋ ಬಾಡಿಗೆ ಯಾರು ಕೊಡ್ತಾರೆ? ಮೊದಲು ಕೈಬಿಡೋದು ಅವನನ್ನೇ. ಹದಿನೈದು ಸಾವಿರದ ಸೆಕೆಂಡ್ ಹ್ಯಾಂಡ್ ಬೇಸ್ ಕೊಂಡ ತುಮಕೂರಿನ ಹುಡುಗನಿಗೆ 'ನಿಜವಾದ ರಿಗ್ ಇಲ್ಲದೆ ಸ್ಟೇಜಿಗೆ ಬರಬೇಡ' ಅನ್ನೋರು, ಅವನ ಜಾಗವನ್ನ ಒಂದು ಎಡಗೈಗೆ ಬರೆದುಕೊಡ್ತಿದ್ದಾರೆ.

ಕಟ್ಟೋ ಗೋಜು ಬೇಡ ಅನ್ನೋರು ಹನ್ನೆರಡಿಂಚಿನ ಆಕ್ಟಿವ್ ಪಿಎ ಸ್ಪೀಕರ್ ಒಂದನ್ನ ತಗೊಂಡು ಪ್ರೀಆಂಪ್ ಪೆಡಲ್ ಸಿಕ್ಕಿಸಿ, ಮುಗೀತು. ಕಟ್ಟೋರು ಕರೆಂಟಿನ ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಬೇಡಿ: ಎಸ್‌ಎಂಪಿಎಸ್ ಬಿಚ್ಚಬೇಡಿ, ಮೂರು ಪಿನ್ನಿನ ಅರ್ಥಿಂಗ್ ಕೀಳಬೇಡಿ. ಕುಮಾರ ಪಾರ್ಕಿನ ಹಳೇ ಮನೆಗಳಲ್ಲಿ ಪ್ಲಗ್ ಪಾಯಿಂಟಿಗೆ ಮೂರು ತೂತಿದ್ದರೂ ಹಿಂದೆ ಅರ್ಥ್ ವೈರ್ ಇರುತ್ತೆ ಅಂತ ಇಲ್ಲ. ಕೈಯಲ್ಲಿ ತಂತಿ, ತುಟಿಗೆ ಮೈಕ್. ಅರ್ಥ್ ಸರಿಯಾಗಿದೆ ಅಂತ ಖಚಿತ ಮಾಡ್ಕೊಂಡೇ ಹಚ್ಚಿ.

ಹಿಡಿಕೆಯನ್ನ ಕಾರ್ಪೆಂಟರ್ ನೇರ ಮಧ್ಯಕ್ಕೆ ಹೊಡೀತಾರೆ, ಹೊಡೆಯೋಕೆ ಬಿಡಬೇಡಿ. ಮ್ಯಾಗ್ನೆಟ್ ಭಾರಕ್ಕೆ ಪೆಟ್ಟಿಗೆ ಮುಂದಕ್ಕೆ ವಾಲಿ ಪ್ರತಿ ಮೆಟ್ಟಿಲಿಗೂ ಮೊಣಕಾಲಿಗೆ ಹೊಡೆಯುತ್ತೆ. ಸ್ಪೀಕರ್ ಕೂರಿಸಿದ ಮೇಲೆ ಹಗ್ಗ ಸುತ್ತಿ ಎತ್ತಿ ನೋಡಿ, ಎಲ್ಲಿ ಸಮ ನಿಲ್ಲುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಕೊಡಿ. ಹಿಡಿಕೆ ಒಳಕ್ಕೆ ಕೂರೋ ಥರದ್ದೇ ಇರಲಿ. ಹೊರಗೆ ಚಾಚಿದರೆ ಮೆಟ್ರೋ ಅಳತೆಯ ಲೆಕ್ಕ ತಪ್ಪುತ್ತೆ.