ಬಾಗಿಲು ದಾಟಿದ ಮೇಲಿನ ದಾರಿ

2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಾಟ ಶುರುವಾಯಿತು. ಅದಕ್ಕೆ ಮೊದಲು ಹಳ್ಳಿಗಳಿಂದ ರೋಗಿಗಳು ಬರುತ್ತಿದ್ದುದು ಬಾಡಿಗೆ ಟೆಂಪೊದಲ್ಲಿ, ಟ್ರ್ಯಾಕ್ಟರಿನ ಟ್ರೈಲರಿನಲ್ಲಿ, ಇಲ್ಲವೇ ಬೈಕಿನಲ್ಲಿ ಇಬ್ಬರ ನಡುವೆ ಒರಗಿಕೊಂಡು. ಈಗ ಸ್ಟ್ರೆಚರ್ ಇಳಿಯುವ ಹೊತ್ತಿಗೆ ಎಷ್ಟೋ ಜನರಿಗೆ ಆಮ್ಲಜನಕ ಹಾಕಿರುತ್ತಾರೆ, ಡ್ರಿಪ್ ಓಡುತ್ತಿರುತ್ತದೆ. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ನನ್ನ ವರ್ಷಗಳನ್ನು ಹಿಂತಿರುಗಿ ನೋಡಿದಾಗ ಮೊದಲು ಹೇಳಬೇಕಾದದ್ದು ಇದನ್ನೇ: ಆಸ್ಪತ್ರೆಯ ಬಾಗಿಲವರೆಗಿನ ದಾರಿ ಹತ್ತಿರವಾಗಿದೆ. ಬಾಗಿಲು ದಾಟಿದ ಮೇಲಿನ ದಾರಿಯ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ.

ಜನ ಇವತ್ತಿಗೂ ಕ್ಯಾಶುಯಲ್ಟಿ ಎಂದೇ ಕರೆಯುವ ಈ ವಿಭಾಗ ಮೊದಲು ರೋಗಿಗಳನ್ನು ಬೇರೆಡೆಗೆ ಕಳಿಸುವ ಜಾಗವಾಗಿತ್ತು. ಒಂದು ಮೇಜು, ಪೊಲೀಸ್ ಕೇಸುಗಳನ್ನು ದಾಖಲಿಸುವ ಎಂಎಲ್‌ಸಿ ಪುಸ್ತಕ, ಹೊಲಿಗೆ ಹಾಕಲು ಒಂದು ಮೂಲೆ. ಎದೆನೋವೆಂದರೆ ಮೆಡಿಸಿನ್, ಹೊಟ್ಟೆನೋವೆಂದರೆ ಸರ್ಜರಿ, ಮೂಳೆ ಮುರಿದಿದ್ದರೆ ಆರ್ಥೋ ಎಂದು ಚೀಟಿ ಬರೆದರೆ ಡ್ಯೂಟಿ ಡಾಕ್ಟರ ಕೆಲಸ ಮುಗಿಯಿತು. ತುರ್ತು ವೈದ್ಯಕೀಯವೂ ಒಂದು ಪ್ರತ್ಯೇಕ ಶಾಖೆ ಎಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದು 2009ರಲ್ಲಿ. ಬಂದವರ ಉಸಿರು, ನಾಡಿ, ಪ್ರಜ್ಞೆ ನೋಡಿ, ಯಾರನ್ನು ಮೊದಲು ಮುಟ್ಟಬೇಕೆಂದು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವ ಪದ್ಧತಿ ನಮ್ಮಲ್ಲಿ ನಿಧಾನವಾಗಿ ಬೇರೂರಿತು. ಮೊದಲು ಬಂದವರಿಗೆ ಮೊದಲು ಎಂಬ ಸಾಲು ಮುರಿದದ್ದೇ ಅನೇಕ ಜೀವಗಳನ್ನು ಉಳಿಸಿದೆ.

ಗಾಯಾಳುವನ್ನು ಕರೆತಂದವರ ಭಯವೂ ಕಡಿಮೆಯಾಗಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಪ್ರಾಣ ಬಿಟ್ಟ ತರುಣ ಹರೀಶ್ ನಂಜಪ್ಪ ಕೊನೆಗಳಿಗೆಯಲ್ಲಿ ಅಂಗಾಂಗ ದಾನದ ಮಾತಾಡಿದ್ದನ್ನು ನಾಡು ಮರೆತಿಲ್ಲ. ಅವರ ಹೆಸರಿನಲ್ಲಿ ಸಾಂತ್ವನ ಯೋಜನೆ ಬಂತು. ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಕೊಡುವುದಾಗಿ ಹೇಳಿತು. ಕಾಪಾಡಿದವರನ್ನು ಪೊಲೀಸ್ ಠಾಣೆಗೆ ಅಲೆಸಬಾರದು ಎಂಬುದು ಕಾನೂನಾಯಿತು. ಮೊದಲೆಲ್ಲ ಗಾಯಾಳುವನ್ನು ಮಲಗಿಸಿ ಹೆಸರು ಹೇಳದೆ ಜಾರಿಕೊಳ್ಳುತ್ತಿದ್ದ ಆಟೋ ಚಾಲಕರು ಈಗ ನಿಂತು ಏನಾಯಿತೆಂದು ವಿವರವಾಗಿ ಹೇಳುತ್ತಾರೆ. ಆ ವಿವರದಿಂದ ನಮಗೆ ಆಗುವ ಉಪಕಾರ ದೊಡ್ಡದು.

ಔಷಧಿಯ ವಿಷಯದಲ್ಲೂ ಕೃತಜ್ಞತೆಯಿಂದ ನೆನೆಯಬೇಕಾದದ್ದಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುವಂತಾಯಿತು. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೂ ನಮ್ಮ ರಾಜ್ಯವೇ. ಕೊಳಕುಮಂಡಲ ಕಡಿದವರ ರಕ್ತವನ್ನು ಒಣ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಗ್ಗಿಸಿ ನೋಡಿ, ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಶುರು ಮಾಡುತ್ತೇವೆ. ಇಷ್ಟಕ್ಕೆ ದೊಡ್ಡ ಯಂತ್ರ ಬೇಡ. ಬೇಕಾದದ್ದು ಆ 20 ನಿಮಿಷ ನೆನಪಿಟ್ಟುಕೊಂಡು ಹಾಸಿಗೆ ಬಳಿ ವಾಪಸು ಬರುವ ಒಬ್ಬ ಮನುಷ್ಯ.

ನಮ್ಮ ಕೊರತೆ ಇರುವುದು ಅಲ್ಲೇ. ಕೀಟನಾಶಕ ಸೇವಿಸಿದವರಿಗೆ ಕೊಡುವ ಅಟ್ರೊಪಿನ್ ಅಗ್ಗದ ಮದ್ದು. ಆದರೆ ಅದನ್ನು ಒಮ್ಮೆ ಚುಚ್ಚಿ ಹೋಗುವಂತಿಲ್ಲ. ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಗೊರಗೊರ ನಿಂತಿಲ್ಲವೆಂದರೆ ಪ್ರಮಾಣವನ್ನು ಇಮ್ಮಡಿಸಬೇಕು. ಎದೆ ಒಣಗಿ ನಾಡಿ ಏರಿದ ಮೇಲೂ ಬಿಟ್ಟು ಹೋಗುವಂತಿಲ್ಲ, ಹೆಚ್ಚಾದರೆ ರೋಗಿ ಸನ್ನಿ ಹಿಡಿದವರಂತೆ ಕನವರಿಸುತ್ತಾನೆ. ಆ ಹೊತ್ತಿಗೆ ಪಕ್ಕದ ಸ್ಟ್ರೆಚರಿನಲ್ಲಿ ತಲೆಗೆ ಪೆಟ್ಟಾದವರು, ಅದರಾಚೆ ಫಿಟ್ಸ್ ನಿಲ್ಲದ ಮಗು, ಬಾಗಿಲಲ್ಲಿ ಇನ್ನೊಂದು 108. ರಾತ್ರಿ ಪಾಳಿಯಲ್ಲಿ ಇವರೆಲ್ಲರಿಗೂ ಇರುವುದು ಸ್ನಾತಕೋತ್ತರ ವ್ಯಾಸಂಗದಲ್ಲಿರುವ ಒಬ್ಬ ವೈದ್ಯ (ಪಿಜಿ), ತರಬೇತಿಯಲ್ಲಿರುವ ಒಂದಿಬ್ಬರು ಹೌಸ್ ಸರ್ಜನ್‌ಗಳು, ಕೈಬೆರಳೆಣಿಕೆಯ ನರ್ಸ್‌ಗಳು. ಕಟ್ಟಡ ಕಟ್ಟಿಸಿ ಶಿಲಾಫಲಕ ಹಾಕಿದಷ್ಟು ಸುಲಭವಾಗಿ ನರ್ಸ್ ಹುದ್ದೆ ತುಂಬುವುದಿಲ್ಲ. ಗುತ್ತಿಗೆಯ ಮೇಲೆ ಬಂದವರು ಕೆಲಸ ಕಲಿತು ಕೈ ಪಳಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಇನ್ನು ಹಾಸಿಗೆ. ಜೀವ ಹಿಡಿದು ನಿಲ್ಲಿಸಿದ ಮೇಲೆ ರೋಗಿ ಐಸಿಯುಗೆ ಹೋಗಬೇಕು, ಐಸಿಯು ತುಂಬಿರುತ್ತದೆ. ವೆಂಟಿಲೇಟರ್ ಖಾಲಿಯಾಗುವವರೆಗೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗನ್ನು ಮನೆಯವರ ಕೈಗೇ ಕೊಟ್ಟು, ಹೀಗೆ ಒತ್ತಿ, ಬಿಡಿ, ಮತ್ತೆ ಒತ್ತಿ ಎಂದು ಹೇಳಿಕೊಡುವ ಪರಿಸ್ಥಿತಿ ಇನ್ನೂ ಹೋಗಿಲ್ಲ. ಅಣ್ಣನ ಉಸಿರನ್ನು ತಮ್ಮ ಕೈಯಲ್ಲಿ ಹಿಡಿದು ರಾತ್ರಿಯಿಡೀ ನಿಲ್ಲುತ್ತಾನೆ. ಇದನ್ನು ಕುಟುಂಬದ ಪ್ರೀತಿಯ ಕತೆಯಾಗಿ ಯಾರೂ ಹೇಳಬಾರದು. ಇದು ಸರ್ಕಾರ ಮಾಡಬೇಕಾದ ಕೆಲಸ. ಕೋರ್ಟೂ ಇದನ್ನೇ ಹೇಳಿದೆ.

1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಹಕೀಂ ಶೇಖ್ ಎಂಬ ಕೂಲಿಕಾರರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸು ಕಳಿಸಿತು. ಕಡೆಗೆ ಅವರು ಖಾಸಗಿ ಆಸ್ಪತ್ರೆ ಸೇರಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ಸಕಾಲಕ್ಕೆ ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣವಿಲ್ಲವೆಂಬುದು ನೆಪವಾಗದು ಎಂದಿತು. ಎಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿದು ರೋಗಿಯನ್ನು ನೇರ ಅಲ್ಲಿಗೇ ಕಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕೆಂದೂ ಆ ತೀರ್ಪಿನಲ್ಲಿದೆ. ಕೋವಿಡ್ ಬಂದಾಗ ಬೆಂಗಳೂರಿನಲ್ಲಿ ಹಾಸಿಗೆಗಳ ಲೆಕ್ಕ ಒಂದೇ ಕಡೆ ಸಿಗುವಂತೆ ಮಾಡಿದ್ದೆವು. ಅದರಲ್ಲಿ ಅಕ್ರಮ ನಡೆದದ್ದೂ ನಿಜ. ಆದರೆ ಇಂಥದ್ದು ನಮ್ಮಿಂದ ಆಗುತ್ತದೆ ಎಂಬುದಂತೂ ಸಾಬೀತಾಯಿತು. ಸಾಂಕ್ರಾಮಿಕ ಇಳಿದ ಮೇಲೆ ಹೃದಯಾಘಾತಕ್ಕೆ, ತಲೆಪೆಟ್ಟಿಗೆ, ಹೆರಿಗೆಯ ರಕ್ತಸ್ರಾವಕ್ಕೆ ಅದನ್ನು ಮುಂದುವರಿಸಲಿಲ್ಲ. ಇವತ್ತಿಗೂ ಪಿಜಿಗಳು ತಮ್ಮ ಫೋನಿನಿಂದ ಪರಿಚಯದವರಿಗೆ ಕರೆ ಮಾಡಿ ಹಾಸಿಗೆ ಹುಡುಕುತ್ತಾರೆ.

ಹಾಸಿಗೆ ಸಿಗದಾಗ ಸಿಟ್ಟು ತಿರುಗುವುದು ಎದುರಿಗಿರುವ ವೈದ್ಯರ ಮೇಲೆ. ಅವರ ಮೇಲೆ ಕೈ ಮಾಡುವುದನ್ನು ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆಯಿದೆ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಯುವ ವೈದ್ಯೆಯ ಕೊಲೆಯಾದಾಗ ನಾವೆಲ್ಲ ಬೀದಿಗಿಳಿದೆವು. ಕ್ಯಾಮೆರಾ, ಕಾವಲುಗಾರ, ಬೀಗವಿರುವ ವಿಶ್ರಾಂತಿ ಕೋಣೆ ಎಲ್ಲವೂ ಬೇಕು, ತಡವಿಲ್ಲದೆ ಬೇಕು. ಕ್ಯಾಶುಯಲ್ಟಿಯಲ್ಲಿ ಸಿಟ್ಟು ಸ್ಫೋಟಿಸುವುದು ಮಾತ್ರ ಹೆಚ್ಚಾಗಿ ಕಾಯುವ ಗಂಟೆಗಳಲ್ಲಿ, ಯಾರೂ ಏನೂ ಹೇಳದಿದ್ದಾಗ. ಹಾಸಿಗೆಯಿಲ್ಲ ಎಂಬ ಮಾತನ್ನು ಇಪ್ಪತ್ಮೂರರ ಹೌಸ್ ಸರ್ಜನ್ ಹುಡುಗಿಯೊಬ್ಬಳ ಬಾಯಲ್ಲಿ ಹೇಳಿಸಿ, ಬರುವ ಏಟಿಗೂ ಅವಳನ್ನೇ ಒಡ್ಡುವುದು ಅನ್ಯಾಯ.

ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನಾನು ಕೇಳುವುದು ಒಂದು ಸಣ್ಣ ಬದಲಾವಣೆ. ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಷ್ಟೇ ಇದ್ದರೆ ಸಾಲದು. ಅಲ್ಲಿ ಬರಮಾಡಿಕೊಳ್ಳಲು ಒಪ್ಪಿದ ವೈದ್ಯರ ಹೆಸರು, ಕಾದಿರಿಸಿದ ಹಾಸಿಗೆಯ ಸಂಖ್ಯೆ, ಮಾತಾಡಿದ ಸಮಯ ಕಡ್ಡಾಯವಾಗಿ ಇರಬೇಕು. ಆ ಮೂರು ಸಾಲು ತುಂಬದೆ 108 ಹೊರಡಬಾರದು. ಅದು ತುಂಬುವವರೆಗೆ ರೋಗಿ ಇರುವಲ್ಲೇ ಚಿಕಿತ್ಸೆ ನಡೆಯುತ್ತಿರಬೇಕು.